ಬಾಗಿಲು ಮುಚ್ಚಿರತಕ್ಕದ್ದು

ಅಂಧೇರಿಯ ಪೂರ್ವಕ್ಕೆ ನಾವಿದ್ದ ಚಾಳಿನ ಎರಡನೆಯ ಮಹಡಿಯಲ್ಲಿ, ಒಂದೇ ಗ್ಯಾಲರಿಗೆ ಬಾಗಿಲು ತೆರೆಯುವ ಹದಿನಾಲ್ಕು ಖೋಲಿಗಳು, ಒಂದೊಂದು ಕೋಣೆಯ ಮನೆಗಳು. ಹದಿನಾಲ್ಕಕ್ಕೂ ಸೇರಿ ಒಂದೇ ನಳ. ಗ್ಯಾಲರಿಯ ತುದಿಯ ಗೋಡೆಯಿಂದ ಗೇಣುದ್ದ ಹೊರಚಾಚಿದ್ದ ಹಿತ್ತಾಳೆಯ ನಳ ಅದು. ಮಧ್ಯಾಹ್ನ ಒಂದು ಗಂಟೆಗೆ ಮೊದಲು ಕೆಮ್ಮುತ್ತಿತ್ತು, ಆಮೇಲೆ ಉಗುಳುತ್ತಿತ್ತು, ಅನಂತರ ಹರಿಯುತ್ತಿತ್ತು. ಎರಡು ಗಂಟೆಗೆ ನಿಂತುಬಿಡುತ್ತಿತ್ತು. ಆ ಒಂದು ತಾಸಿನಲ್ಲಿ ತುಂಬಿಕೊಂಡವರಿಗೆ ಮರುದಿನದವರೆಗೆ ನೀರುಂಟು, ಉಳಿದವರಿಗೆ ಇಲ್ಲ. ನಾನು ಆ ಹೊತ್ತಿಗೆ ಮನೆಯಲ್ಲಿರುವವಳಲ್ಲ. ನಗರಪಾಲಿಕೆಯ ಕನ್ನಡ ಶಾಲೆಯೊಂದರ ಮಧ್ಯಾಹ್ನದ ಪಾಳಿಯಲ್ಲಿ ಭಾಷೆ ಕಲಿಸುತ್ತಿದ್ದೆ. ಮನೆ ಬಿಡುವುದು ಹನ್ನೊಂದೂವರೆಗೆ, ಮರಳುವುದು ಆರಕ್ಕೆ. ಮನೆಯಲ್ಲಿರುತ್ತಿದ್ದ ಅಮ್ಮನಿಗೆ ಮೊಣಕಾಲು ನೋವು. ತುಂಬಿದ ಕೊಡವನ್ನು ಎತ್ತಿ ನಾಲ್ಕು ಹೆಜ್ಜೆ ಇಡಲಾರಳು.

ಹೀಗಿದ್ದರೂ ನಮ್ಮ ಬಾಗಿಲ ಪಕ್ಕದ ಡ್ರಮ್ಮು ಹನ್ನೊಂದು ವರ್ಷಗಳಲ್ಲಿ ಒಂದು ದಿನವೂ ಬರಿದಾಗಿರಲಿಲ್ಲ. ಅದನ್ನು ತುಂಬುತ್ತಿದ್ದವರು ಪಕ್ಕದ ಖೋಲಿಯ ಕಾಕು.

ಕಾಕುವಿನ ಉಪಕಾರವನ್ನು ಮೊದಲು ಹೇಳಿಬಿಡಬೇಕು. ಅದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಅಪ್ರಾಮಾಣಿಕವಾದೀತು. ಅವರು ಧಾರವಾಡದ ಕಡೆಯವರು. ಬಂದರಿನಲ್ಲಿ ಗುಮಾಸ್ತರಾಗಿದ್ದ ಗಂಡನನ್ನು ಮದುವೆಯಾಗಿ ಹದಿನೆಂಟನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಅಪ್ಪ ತೀರಿಕೊಂಡ ಮೇಲೆ ನಾನು ಅಮ್ಮನನ್ನು ಕರೆದುಕೊಂಡು ಮೈಸೂರಿನಿಂದ ಈ ಊರಿಗೆ ಬಂದಾಗ, ನಾಲ್ಕು ಕಡೆ ಬಾಗಿಲಿನಲ್ಲಿಯೇ ನಮ್ಮ ಮಾತು ಕೇಳಿ, "ಮದ್ರಾಸಿ ಲೋಕ್ ನಕೋ", ಮದ್ರಾಸಿಗಳು ಬೇಡ, ಎಂದು ಕಳಿಸಿದ್ದರು. ಐದನೆಯದು ಈ ಚಾಳು. ಇಲ್ಲಿಯೂ ಖೋಲಿಯ ಮಾಲೀಕ ತಲೆ ಅಲ್ಲಾಡಿಸುತ್ತಿದ್ದಾಗ, ಪಕ್ಕದ ಬಾಗಿಲಿನಿಂದ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಹೊರಗೆ ಬಂದ ಹೆಂಗಸು ಅವನಿಗೆ ಮರಾಠಿಯಲ್ಲಿ, "ಹೀ ಆಮಚೀ ಮಾಣಸಂ ಆಹೇತ" ಎಂದರು. ಇವರು ನಮ್ಮ ಮಂದಿ. ಅದಕ್ಕೆ ಹಿಂದಿನ ನಿಮಿಷದವರೆಗೆ ಅವರು ನಮ್ಮನ್ನು ನೋಡಿಯೇ ಇರಲಿಲ್ಲ. ಖೋಲಿ ಸಿಕ್ಕಿತು. ಅಂದಿನ ಅನ್ನ ಅವರ ಮನೆಯದು, ಮರುದಿನದ ನೀರೂ ಅವರದು. ತಮ್ಮ ಕಡೆ ಶಿಕ್ಷಕಿಯರನ್ನು ಕರೆಯುವಂತೆ ನನ್ನನ್ನು ಅವರು "ಅಕ್ಕಾರ" ಎಂದು ಕರೆದರು. ನಾನು ಅವರನ್ನು, ಚಿಕ್ಕಮ್ಮನನ್ನು ಕರೆಯುವಂತೆ, ಕಾಕು ಎಂದೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಒಂದು ಫೆಬ್ರವರಿಯಲ್ಲಿ ಅಮ್ಮ ಗ್ಯಾಲರಿಯ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಮಲಗಿದಲ್ಲಿಯೇ ಎಲ್ಲ ಆಗಬೇಕು. ನನ್ನ ರಜೆಯೆಲ್ಲ ತೀರಿತು. ನಾನು ಶಾಲೆಗೆ ಹೋಗದಿದ್ದರೆ ಸಂಬಳವಿಲ್ಲ. ಹೋದರೆ ಅಮ್ಮ ಆರೂವರೆ ತಾಸು ಒದ್ದೆ ಬಟ್ಟೆಯಲ್ಲಿ ಮಲಗಿರಬೇಕು. ಕಾಕು ಬಂದು ಅನ್ನ ತಿನ್ನಿಸುತ್ತಿದ್ದರು, ಆದರೆ ಅರುವತ್ತರ ಹತ್ತಿರದ ಅವರ ಬೆನ್ನಿಗೆ ಅಮ್ಮನನ್ನು ಮಗ್ಗುಲು ಮಾಡಿಸುವ ಶಕ್ತಿಯಿರಲಿಲ್ಲ. ಇಬ್ಬರು ಆಯಾಗಳು ಬಂದರು, ಹೋದರು. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ನೋವು ಎಲ್ಲಿದೆಯೆಂದು ಹೇಳಲಾಗದೆ ಎರಡನೆಯ ಆಯಾಳ ಕೈಯನ್ನು ಆಕೆ ಒಮ್ಮೆ ಕಚ್ಚಿಯೂಬಿಟ್ಟಳು.

ಮೂರನೆಯವಳನ್ನು ಹುಡುಕಿಕೊಟ್ಟವರು ನನ್ನ ಸಹೋದ್ಯೋಗಿ. ಮೂವತ್ತೈದರ ಆಸುಪಾಸಿನ ಹೆಂಗಸು, ಯಲ್ಲಾಪುರದ ಕಡೆಯವಳು, ಧಾರಾವಿಯಲ್ಲಿ, ಚರ್ಮದ ಕಾರ್ಖಾನೆಯಲ್ಲಿ ದುಡಿಯುವ ಅಣ್ಣನ ಮನೆಯಲ್ಲಿ ಇರುವವಳು, ಒಂದು ನರ್ಸಿಂಗ್ ಹೋಮಿನಲ್ಲಿ ಐದು ವರ್ಷ ರೋಗಿಗಳ ಸೇವೆ ಮಾಡಿದವಳು. ಆಕೆ ಸಿದ್ದಿ. ಬಹಳ ತಲೆಮಾರುಗಳ ಹಿಂದೆ ಹಡಗುಗಳಲ್ಲಿ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟು, ತಪ್ಪಿಸಿಕೊಂಡು, ನಮ್ಮ ಉತ್ತರ ಕನ್ನಡದ ಕಾಡಂಚುಗಳಲ್ಲಿ ನೆಲೆನಿಂತವರ ಸಂತತಿ. ಮೈಬಣ್ಣ, ತುಟಿ, ಬಿಗಿಯಾಗಿ ಸುರುಳಿ ಸುತ್ತಿದ ಕೂದಲು, ಇವು ಆ ತಲೆಮಾರುಗಳವು. ಉಳಿದದ್ದೆಲ್ಲ ಯಲ್ಲಾಪುರದ್ದು.

ಮೊದಲ ದಿನ ಅಮ್ಮ ಆಕೆಯನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದಳು.

"ಕೂದಲು ಯಾಕೆ ಹಾಗಿದೆ ನಿಂದು?"

"ಹುಟ್ತಾನೇ ಹಿಂಗೇ ಅಮ್ಮ. ಬಾಚಣಿಗೆ ಖರ್ಚಿಲ್ಲ ನೋಡಿ."

ಅಮ್ಮ ನಕ್ಕಳು. ಬಿದ್ದ ಮೇಲೆ ಮೊದಲ ಸಲ ನಕ್ಕದ್ದು. ಸಂಜೆ ನಾನು ಮರಳುವಾಗ ಹಾಸಿಗೆ ಒಣಗಿತ್ತು, ಬೆನ್ನಿನ ಹುಣ್ಣಿಗೆ ಔಷಧಿಯಾಗಿತ್ತು, ಅಮ್ಮ ಯಾವುದೋ ಹಳೆಯ ಮದುವೆಯ ಕಥೆಯ ನಡುವೆ ಇದ್ದಳು. "ಶ್, ಆಮೇಲೆ ಬಾ" ಎಂಬಂತೆ ನನ್ನತ್ತ ಕೈ ಬೀಸಿದಳು. ಶಾಲೆ ಸೇರಿದ ಮೊದಲ ದಿನ ನನಗಾದ ನೆಮ್ಮದಿಯನ್ನು ಬಿಟ್ಟರೆ ಈ ಊರಿನಲ್ಲಿ ಅಂಥ ನೆಮ್ಮದಿ ಮತ್ತೊಂದಿಲ್ಲ.

ಮರುದಿನ ಬೆಳಿಗ್ಗೆ ಕಾಕು ಕೊತ್ತಂಬರಿ ಬಿಡಿಸುತ್ತಾ ನಮ್ಮ ಹೊಸ್ತಿಲ ಬಳಿ ಕುಳಿತರು.

"ಅಕ್ಕಾರ, ಆ ಹಬಶಿಯನ್ನ ಎಲ್ಲಿಂದ ಹಿಡ್ಕೊಂಡು ಬಂದ್ರಿ?"

"ಹಬಶಿಯಲ್ಲ ಕಾಕು, ಸಿದ್ದಿ. ಯಲ್ಲಾಪುರದವಳು. ಕನ್ನಡ ಮಾತಾಡುತ್ತಾಳೆ."

"ಗಿಳಿನೂ ಮಾತಾಡ್ತದ." ತಾವೇ ನಕ್ಕರು. "ಸಿಟ್ಟು ಬ್ಯಾಡ್ರಿ. ಯಲ್ಲಾಪುರ ಇರ್ಲಿ, ಎಲ್ಲಾಪುರ ಇರ್ಲಿ, ಮೂಲ ಯಾವ್ದು? ಆಫ್ರಿಕಾ ಹೌದಲ್ಲೋ? ಆ ಹೊಸಾ ರೋಗ, ಏಡ್ಸೋ ಏನೋ, ಆ ಕಡಿಂದನ ಬಂದದಂತ. ಪೇಪರಿನ್ಯಾಗ ಬಂದದ, ನಮ್ಮವರು ಓದಿ ಹೇಳಿದ್ರು."

"ಅವರು ಬಂದು ನೂರಾರು ವರ್ಷವಾಯಿತು ಕಾಕು."

"ಬಂದವರು ಬಂದವರ."

"ನಾವೂ ಈ ಊರಿಗೆ ಬಂದವರೇ."

"ನಾವು ರೈಲಿನ್ಯಾಗ ತಿಕೀಟ ತಗೊಂಡು ಬಂದೇವ್ರಿ!" ಎಂದು ಮತ್ತೆ ನಕ್ಕರು. ನಾನೂ ನಕ್ಕೆ. ನಗಬಾರದಿತ್ತು, ಆದರೆ ಅವರ ನಗುವಿಗೆ ಹನ್ನೊಂದು ವರ್ಷಗಳಿಂದ ನಕ್ಕು ಅಭ್ಯಾಸವಾಗಿತ್ತು. ಕೊತ್ತಂಬರಿಯ ದಂಟುಗಳನ್ನು ಒಟ್ಟುಮಾಡಿ ಏಳುವಾಗ ಅವರು ದನಿ ತಗ್ಗಿಸಿದರು. "ಆಕಿ ನಿಮ್ಮವ್ವನ್ನ ಛಂದ ನೋಡ್ಕೋತಾಳ, ನಾ ಕಣ್ಣಾರೆ ನೋಡೇನಿ. ಇರ್ಲಿ ಪಾಪ. ಆದ್ರ ನಳಕ್ಕ ಕೈ ಹಚ್ಚೂದು ಬ್ಯಾಡ. ನೀರು ನಾ ಹೆಂಗೂ ತುಂಬತೇನಲಾ."

ಮಕ್ಕಳ ಬರವಣಿಗೆಯಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಪುಟವನ್ನೇ ಮತ್ತೆ ಬರೆಸುತ್ತಿದ್ದವಳು ನಾನು. ಗ್ಯಾಲರಿಯಲ್ಲಿ ಯಾರಾದರೂ ನಮ್ಮನ್ನು ಮದ್ರಾಸಿಗಳೆಂದರೆ ನಿಲ್ಲಿಸಿ, ಮದ್ರಾಸು ಎಲ್ಲಿದೆ, ಮೈಸೂರು ಎಲ್ಲಿದೆ ಎಂದು ಪಾಠ ಮಾಡುತ್ತಿದ್ದವಳು. ಅಂದು ಮಾತ್ರ ಸುಮ್ಮನೆ ತಲೆಯಾಡಿಸಿ ಒಳಗೆ ಹೋದೆ. ಹೋಗಿ ಒಂದು ಕೆಲಸ ಮಾಡಿದೆ.

ವೇಳಾಪಟ್ಟಿ ಬರೆಯುವುದು ನನ್ನ ರೂಢಿ. ಶಾಲೆಯಲ್ಲಿ ಇಡೀ ಪಾಳಿಯ ವೇಳಾಪಟ್ಟಿಯನ್ನು ನಾನೇ ಬರೆಯುತ್ತಿದ್ದೆ. ಯಾವ ಇಬ್ಬರು ಶಿಕ್ಷಕರಿಗೆ ಪರಸ್ಪರ ಆಗುವುದಿಲ್ಲವೋ ಅವರು ಒಂದೇ ಬಿಡುವಿನಲ್ಲಿ ಎದುರಾಗದಂತೆ, ಯಾರಿಗೂ ಗೊತ್ತಾಗದಂತೆ ತಾಸುಗಳನ್ನು ಹೊಂದಿಸುವುದರಲ್ಲಿ ನನಗೆ ಹೆಸರಿತ್ತು. ಅದೇ ಜಾಣ್ಮೆಯನ್ನು ಮನೆಗೆ ತಂದೆ. ರೂಲು ಎಳೆದ ಹಾಳೆಯ ಮೇಲೆ ದುಂಡಗಿನ ಅಕ್ಷರಗಳಲ್ಲಿ ಬರೆದೆ: ಹನ್ನೊಂದೂವರೆಗೆ ಔಷಧ, ಹನ್ನೆರಡಕ್ಕೆ ಊಟ, ಹನ್ನೆರಡೂವರೆಗೆ ಮಗ್ಗುಲು ಬದಲಿಸುವುದು. ಅದರ ಕೆಳಗೆ, "ಒಂದರಿಂದ ಎರಡು ಗಂಟೆಯವರೆಗೆ ರೋಗಿಗೆ ಗಾಳಿ ತಾಗದಂತೆ ಬಾಗಿಲು ಮುಚ್ಚಿರತಕ್ಕದ್ದು" ಎಂದು ಬರೆದೆ. ಅನ್ನದ ಅಂಟು ಹಚ್ಚಿ ಹಾಳೆಯನ್ನು ಬಾಗಿಲ ಒಳಮೈಗೆ ಅಂಟಿಸಿದೆ. ನಾಲ್ಕನೆಯ ತರಗತಿಯವರೆಗೆ ಓದಿದ್ದ ಆಯಾ ಅದರ ಮುಂದೆ ನಿಂತು ಎಲ್ಲವನ್ನೂ ಓದಿದಳು.

"ಅಡ್ಡಿಲ್ಲ ಅಕ್ಕೋರೆ" ಎಂದಳು. ಅವರ ಕಡೆಯೂ ಶಿಕ್ಷಕಿಯನ್ನು ಹಾಗೆಯೇ ಕರೆಯುತ್ತಾರೆ.

ನನ್ನ ಪಟ್ಟಿ ಮೂರು ತಿಂಗಳು ಕೆಲಸ ಮಾಡಿತು. ಏಪ್ರಿಲ್, ಮೇ ತಿಂಗಳುಗಳ ಸೆಕೆಯಲ್ಲಿ, ಕಿಟಕಿಯೇ ಇಲ್ಲದ ಹತ್ತು ಅಡಿಯ ಖೋಲಿಯಲ್ಲಿ, ಬಾಗಿಲು ಮುಚ್ಚಿಕೊಂಡು ಒಬ್ಬ ರೋಗಿಯೂ ಒಬ್ಬ ಆಯಾಳೂ ದಿನಕ್ಕೊಂದು ತಾಸು ಕುಳಿತರು. ಹೊರಗೆ ಹದಿಮೂರು ಮನೆಯ ಹೆಂಗಸರು ನಗುತ್ತಾ ಜಗಳವಾಡುತ್ತಾ ನೀರು ಹಿಡಿದರು. ಬೇಸಗೆಯ ರಜೆಯಲ್ಲಿ ನಾನೂ ಮನೆಯಲ್ಲಿರುತ್ತಿದ್ದೆ. ಒಂದು ಗಂಟೆಯಾಗುತ್ತಲೇ ಆಯಾ ಎದ್ದು ಬಾಗಿಲು ಮುಚ್ಚುತ್ತಿದ್ದಳು. ನಾನು ಕೊಡ ಹಿಡಿದು ಹೊರಗೆ ಉಳಿಯುತ್ತಿದ್ದೆ. "ರಜಾದಾಗ ಆರಾಮ ಕೂಡ್ರಿ, ನಾ ತುಂಬತೇನಿ" ಎಂದು ಕಾಕು ಕೊಡವನ್ನು ಕಸಿದುಕೊಳ್ಳುತ್ತಿದ್ದರು. ಅವರು ಒಳ್ಳೆಯವರೇ ಎಂದು ನಾನು ಪ್ರತಿದಿನ ನನಗೆ ಹೇಳಿಕೊಳ್ಳುತ್ತಿದ್ದೆ. ಆ ಮಾತು ಸುಳ್ಳೂ ಆಗಿರಲಿಲ್ಲ.

ಜೂನ್ ತಿಂಗಳಲ್ಲಿ ಶಾಲೆ ಶುರುವಾಯಿತು. ಎರಡನೆಯ ವಾರದ ಮಂಗಳವಾರ ಸಂಜೆ ಮೆಟ್ಟಿಲು ಹತ್ತಿ ಬಂದಾಗ ಗ್ಯಾಲರಿಯ ತುದಿಯಲ್ಲಿ ನಳ ಹೊಳೆಯುತ್ತಿತ್ತು. ಆಯುಧಪೂಜೆಯ ಹಿಂದಿನ ದಿನವೊಂದನ್ನು ಬಿಟ್ಟರೆ ಅದನ್ನು ಯಾರೂ ತಿಕ್ಕಿದ್ದನ್ನು ನಾನು ಕಂಡಿರಲಿಲ್ಲ. ವರ್ಷವಿಡೀ ಹಸಿರು ಕಿಲುಬು ಹಿಡಿದೇ ಇರುವ ನಳ. ಅಂದು ಅದು ಮದುವೆಮನೆಯ ಚೆಂಬಿನಂತೆ ಹೊಳೆಯುತ್ತಿತ್ತು. ನಮ್ಮ ಡ್ರಮ್ಮಿನ ಮುಚ್ಚಳ ತೆಗೆದು ನೋಡಿದೆ. ತಳದಲ್ಲಿ ಒಂದು ಗೇಣು ನೀರು.

ಕಾಕು ತಮ್ಮ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು.

"ಇವತ್ತೇನು ಹಬ್ಬ ಕಾಕು? ನಳ ಹೊಳೆಯುತ್ತಿದೆ."

"ಹಬ್ಬ ಎಲ್ಲೀದ್ರೀ. ನಿಮ್ಮಾಕಿ ಬಂದು ಕೈ ಹಚ್ಚಿದ್ಲು. ಹುಣಸಿಹಣ್ಣು, ಉಪ್ಪು ಹಾಕಿ ತಿಕ್ಕೇನಿ. ರಟ್ಟಿ ನೋಯ್ಲಿಕ್ಕತ್ತಾವ ನೋಡ್ರಿ." ಅಡಗಿಸಬೇಕಾದ ಸಂಗತಿಯೆಂದು ಅವರಿಗೆ ಅನ್ನಿಸಿರಲಿಲ್ಲ. "ಅಷ್ಟರಾಗ ನೀರು ಹೋತು. ನಿಮ್ಮ ಡ್ರಮ್ಮು ತುಂಬ್ಲಿಕ್ಕೆ ಆಗ್ಲಿಲ್ಲ."

ಅಮ್ಮನಿಗೆ ಮಧ್ಯಾಹ್ನ ಭೇದಿಯಾಗಿತ್ತು. ಒಳಗಿದ್ದ ನೀರೆಲ್ಲ, ಡ್ರಮ್ಮಿನದೂ ಹೆಚ್ಚುಕಡಿಮೆ, ತೊಳೆಯುವುದರಲ್ಲಿ ಮುಗಿದಿತ್ತು. ಆಯಾ ಬಾಗಿಲು ತೆಗೆದು, ಬಕೀಟು ಹಿಡಿದು, ಸರದಿಯಲ್ಲಿದ್ದವರನ್ನು ಕೇಳಿ ಒಂದು ಬಕೀಟು ನೀರು ಹಿಡಿದಿದ್ದಳು. ಇಷ್ಟೇ ನಡೆದದ್ದು.

ಒಪ್ಪವಾದ ಮಾತುಗಳು ನನಗೆ ಯಾವಾಗಲೂ ಸಿದ್ಧವಿರುತ್ತಿದ್ದವು. ಅಂದು ಗಂಟಲಿಗೆ ಬಂದವು ಒಪ್ಪವಾಗಿರಲಿಲ್ಲ.

"ಕಾಕು, ಇದು ತಪ್ಪು. ಆಕೆ ನನ್ನ ತಾಯಿಯ ಹೊಲಸು ತೊಳೆಯುವುದಕ್ಕೆ ನೀರು ತಂದಳು. ಆ ಕೈ ತಾಗಿದ್ದಕ್ಕೆ ನೀವು ನಳ ತೊಳೆದಿರಾ?"

"ಹೊಲಸಿನ ಮಾತಲ್ರೀ ಅದು."

"ಮತ್ತೆ ಯಾವ ಮಾತು? ಜಾತಿಯೇ?"

"ಜಾತಿ ನಾ ಎಂದ ಕೇಳೇನಿ? ನನ್ನ ಮನ್ಯಾಗ ಉಣ್ಣಲಾರದ ಜಾತಿ ಈ ಚಾಳಿನ್ಯಾಗ ಯಾವ್ದದ ಹೇಳ್ರಿ!" ಅವರು ನಿಜವಾಗಿಯೂ ನೊಂದಿದ್ದರು. "ಜಾತಿ ಅಂದ್ರ ನಮ್ಮೊಳಗಿಂದು. ಆಕಿ ನಮ್ಮೊಳಗಿನಾಕಿನ ಅಲ್ಲ. ಮಾರಿ ನೋಡ್ರಿ, ಕೂದಲಾ ನೋಡ್ರಿ. ಹೆಂಗ ಆಗ್ತಾಳ ನಮ್ಮಾಕಿ?"

"ನಾವು ಈ ಬಾಗಿಲಿಗೆ ಬಂದ ದಿನ ನಮ್ಮ ಹೆಸರೂ ನಿಮಗೆ ಗೊತ್ತಿರಲಿಲ್ಲ. ನಮ್ಮ ಮಂದಿ ಎಂದಿರಿ. ಕನ್ನಡ ಕೇಳಿದಿರಿ, ಅಷ್ಟೇ. ಆಕೆಯದೂ ಅದೇ ಕನ್ನಡ."

ಅಕ್ಕಿಯ ಮೊರವನ್ನು ಕಾಕು ಪಕ್ಕಕ್ಕೆ ಇಟ್ಟರು. ಗ್ಯಾಲರಿಯ ಎರಡು ಮೂರು ಬಾಗಿಲುಗಳಲ್ಲಿ ತಲೆಗಳು ಕಾಣಿಸಿದವು. ಕಾಕು ನನ್ನ ಮುಖವನ್ನೇ ನೋಡಿ, ಮೆಲ್ಲಗೆ, ಪ್ರತಿಯೊಂದು ಮಾತನ್ನೂ ಬಿಡಿಬಿಡಿಯಾಗಿ ಹೇಳಿದರು:

"ನಳಕ್ಕ ಕೈ ಹಚ್ಚೂದು ಬ್ಯಾಡ ಅಂತ ನಾ ಅಂದೆ. ಖರೆ. ಬಾಗ್ಲಾ ಮುಚ್ಚಿ ಕೂಡಿಸ್ರಿ ಅಂತ ಅಂದಿದ್ದೆನೇನು? ಅದು ನಿಮ್ಮ ಬುದ್ಧಿ. ಬ್ಯಾಸಗ್ಯಾಗ ನಾಯಿನೂ ಯಾರೂ ಹಂಗ ಕಟ್ಟಂಗಿಲ್ಲ. ನಾ ಬಾಯಿಲೆ ಅಂದದ್ದು ಅಲ್ಲೇ ಹಾರಿ ಹೋತು. ನೀವು ಶಾಣ್ಯಾರು. ಬರದು ಹಚ್ಚೀರಿ."

ನನ್ನ ಹಿಂದೆ, ಒಂದು ಅಂಗುಲ ದಪ್ಪದ ಹಲಗೆಯ ಬಾಗಿಲು. ಅದರ ಆಚೆ ಆಯಾ ಮನೆಗೆ ಹೊರಡಲು ಚೀಲ ತೆಗೆದುಕೊಂಡು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ಒಳಗೆ ಕಾಲಿಟ್ಟ ಕೂಡಲೇ ತಿಳಿಯಿತು. ಅಮ್ಮ ನಿದ್ದೆಯಲ್ಲಿದ್ದಳು.

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಆ ಹಾಳೆ ನನ್ನ ಬೆನ್ನಿಗೆ ಒತ್ತುತ್ತಿತ್ತು.

"ನಿನಗೆ ಗೊತ್ತಿತ್ತೇ?"

"ಒಂದರಿಂದ ಎರಡರ ತನಕ ಮಾತ್ರ ಬೀಸೋ ಗಾಳಿ ಎಂಥದಾ ಅಂತ ಮೊದಲನೇ ದಿನವೇ ಅಂದ್ಕಂಡೆ ಅಕ್ಕೋರೆ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಆದರೂ ಬಂದೆಯಲ್ಲ."

"ಕೆಲಸ ಬೇಕಲ್ರಾ. ಮತ್ತೆ, ಅಮ್ಮಂಗೆ ಬಾಗಿಲು ಮುಚ್ಚಿದ್ದೇ ಗೊತ್ತಾಗ್ತಿರ್ಲಿಲ್ಲ. ಆ ಹೊತ್ತಿಗೆ ಕಥೆ ಹೇಳ್ತಿದ್ರು. ಅಜ್ಜನ ಮನೆ ಕಥೆ ಮುಗಿದಿಲ್ಲ ಇನ್ನೂ." ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. "ನಾಳೆಯಿಂದ ಬಾಗಿಲು ತೆಗೆದಿಟ್ಕಂಡು ಕೂರ್ತೆ. ನೀರೂ ನಾನೇ ತುಂಬ್ತೆ. ನಿಮಗೆ ಅಡ್ಡಿಲ್ವಾ?"

ಇಲ್ಲಿ ನಾನು ತಕ್ಷಣ ಉತ್ತರಿಸಿದೆ ಎಂದು ಬರೆಯಲು ಆಸೆಯಾಗುತ್ತದೆ. ಉತ್ತರಿಸಲಿಲ್ಲ. ಕಾಕು ಮಾತು ಬಿಟ್ಟರೆ ಏನಾದೀತು, ಆಯಾ ಕೆಲಸ ಬಿಟ್ಟರೆ ಏನಾದೀತು ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಆಕೆ ಚಪ್ಪಲಿ ಮೆಟ್ಟಿ ಕಾಯುತ್ತಿದ್ದಳು.

"ಅಡ್ಡಿಲ್ಲ" ಎಂದೆ.

"ತಪ್ಪಾಯಿತು" ಎಂಬ ಮಾತನ್ನು ಹೇಳಬೇಕಾಗಿತ್ತು. ಅದನ್ನು ಮಕ್ಕಳಿಂದ ಐವತ್ತು ಸಲ, ನೂರು ಸಲ ಬರೆಸಿದ್ದೇನೆ. ಅಂದು ನನ್ನ ಬಾಯಿಂದ ಅದು ಒಂದು ಸಲವೂ ಹೊರಡಲಿಲ್ಲ. ಆಕೆ ಹೋದ ಮೇಲೆ ಹಾಳೆಯನ್ನು ಕೆರೆದು ತೆಗೆದೆ. ಅನ್ನದ ಅಂಟು ಗಟ್ಟಿಯಾಗಿ ಹಿಡಿದಿತ್ತು. ನೀರು ಹಚ್ಚಿ ನೆನೆಸಬೇಕಾಗಿತ್ತು, ಅದಕ್ಕೆ ಚೆಲ್ಲುವಷ್ಟು ನೀರು ಇರಲಿಲ್ಲ.

ಮರುದಿನದಿಂದ ನಮ್ಮ ಗ್ಯಾಲರಿಯಲ್ಲಿ ಹೊಸ ಕ್ರಮ ಜಾರಿಗೆ ಬಂತು. ಒಂದು ಗಂಟೆಗೆ ಆಯಾ ಬಾಗಿಲನ್ನು ಅಗಲವಾಗಿ ತೆರೆದು, ಅಮ್ಮನಿಗೆ ಗ್ಯಾಲರಿ ಕಾಣುವಂತೆ ದಿಂಬು ಏರಿಸಿ, ಕೊಡ ಹಿಡಿದು ಸರದಿಗೆ ಹೋಗುತ್ತಿದ್ದಳು. ಉಳಿದ ಹೆಂಗಸರಲ್ಲಿ ಕೆಲವರು ಸರಿದು ನಿಂತರು. ಎರಡು ವಾರ ಕಳೆದ ಮೇಲೆ ಹೆಚ್ಚಿನವರು ಮರೆತರು. ಕಾಕು ಜಗಳವಾಡಲಿಲ್ಲ, ತಡೆಯಲೂ ಇಲ್ಲ. ಆಯಾ ತುಂಬಿ ಮುಗಿಸುವವರೆಗೆ ಕಾಯುತ್ತಿದ್ದರು. ಆಮೇಲೆ ಒಂದು ಬಟ್ಟಲಿನಲ್ಲಿ ಹುಣಸೆಹಣ್ಣು ತಂದು ನಳವನ್ನು ತಿಕ್ಕಿ, ತಮ್ಮ ಹಂಡೆ ತುಂಬಿಕೊಳ್ಳುತ್ತಿದ್ದರು. ಪ್ರತಿದಿನ. ಇದರಿಂದಾಗಿ ನಮ್ಮ ಮಹಡಿಯ ನಳ ಇಡೀ ಚಾಳಿನಲ್ಲಿಯೇ ಹೊಳೆಯುವ ನಳವಾಯಿತು. ಮೊದಲ ಮಹಡಿಯವರು ಬಂದು ನೋಡಿ ಹೊಗಳಿದರಂತೆ. ಶಾಲೆಯಿಂದ ಬರುವಾಗ ಮೆಟ್ಟಿಲ ಕೊನೆಯ ತಿರುವಿನಲ್ಲಿ ಆ ಹೊಳಪು ಮೊದಲು ಕಣ್ಣಿಗೆ ಬೀಳುತ್ತಿತ್ತು. ನಾನು ತಲೆ ತಗ್ಗಿಸಿಕೊಂಡು ಗ್ಯಾಲರಿ ದಾಟುತ್ತಿದ್ದೆ.

ನನ್ನೊಂದಿಗೆ ಕಾಕುವಿನ ಮಾತು ನಿಂತಿತು. ಅಮ್ಮನ ಬಳಿ ಮಾತ್ರ ಬೆಳಿಗ್ಗೆ, ಆಯಾ ಬರುವ ಮೊದಲು, ಬಂದು ಹತ್ತು ನಿಮಿಷ ಕೂರುತ್ತಿದ್ದರು. ನಾನು ಒಲೆಯ ಕಡೆ ಮುಖ ಮಾಡಿ ನಿಂತಿರುತ್ತಿದ್ದೆ. ಹತ್ತು ಅಡಿಯ ಖೋಲಿಯಲ್ಲಿ ಮುಖ ತಿರುಗಿಸಿ ನಿಲ್ಲಲು ಇದ್ದ ಜಾಗ ಅದೊಂದೇ. ಖೋಲಿ ಬದಲಿಸಬೇಕೆಂದು ಎಷ್ಟೋ ಸಲ ಯೋಚಿಸಿದೆ. ಮಲಗಿದಲ್ಲಿಂದ ಏಳಲಾರದ ತಾಯಿಯನ್ನು ಕಟ್ಟಿಕೊಂಡು, ಮತ್ತೆ ನಾಲ್ಕು ಬಾಗಿಲುಗಳನ್ನು ತಟ್ಟಿ, ಐದನೆಯ ಬಾಗಿಲಿನಲ್ಲಿ "ನಮ್ಮ ಮಂದಿ" ಎನ್ನುವ ಇನ್ನೊಬ್ಬ ಕಾಕುವನ್ನು ಎಲ್ಲಿಂದ ತರಲಿ?

ದೀಪಾವಳಿ ಕಳೆದ ಮೇಲೆ ಅಮ್ಮ ಊಟ ಬಿಟ್ಟಳು. ಒಂದು ಶುಕ್ರವಾರ ನಾನು ತರಗತಿಯಲ್ಲಿದ್ದಾಗ ಶಾಲೆಯ ಕಚೇರಿಗೆ ಫೋನು ಬಂತು. ಮನೆಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನ ತಲೆಯ ಬಳಿ ಬಾಯಿ ಒಡೆದ ಪುಟ್ಟ ತಾಮ್ರದ ಗಿಂಡಿ ಇತ್ತು. ಅದನ್ನು ನೋಡಿದ ಕೂಡಲೇ ಗುರುತಿಸಿದೆ. ಕಾಶಿಗೆ ಹೋದಾಗ ಕಾಕು ಬೆಸುಗೆ ಹಾಕಿದ ಗಂಗೆಯ ಗಿಂಡಿಗಳನ್ನು ತಂದು ದೇವರ ಮುಂದೆ ಇಟ್ಟಿದ್ದರು. ಕೊನೆಯುಸಿರಿನ ಹೊತ್ತಿಗೆ ಬಾಯಿಗೆ ಬಿಡುವ ನೀರು. ಒಂದನ್ನು ತೋರಿಸಿ, "ಇದು ನಿಮಗ ನೋಡ್ರಿ, ಗಡಿಬಿಡಿ ಮಾಡಬ್ಯಾಡ್ರಿ ಮತ್ತ" ಎಂದು ಅಮ್ಮನನ್ನು ಎಷ್ಟೋ ಸಲ ನಗಿಸಿದ್ದರು.

ಏನು ನಡೆಯಿತೆಂದು ಆಯಾ ಹೇಳಿದಳು. ಅಮ್ಮನ ಉಸಿರು ಬದಲಾದದ್ದನ್ನು ಕಂಡು ಆಕೆ ಪಕ್ಕದ ಬಾಗಿಲನ್ನು ಬಡಿದಿದ್ದಳು. "ಗಂಗೆ ಬೇಕು, ಅಮ್ಮ ಹೊರಟ್ರು ಅಂದೆ. ಒಳಗೆ ಓಡಿ ಹೋಗಿ ತಂದ್ರು. ಹೊಸ್ತಿಲ ಮೇಲಿಟ್ಟು ಹಿಂದೆ ಸರಿದ್ರು. ಬಗ್ಗಿ ತಗಂಡೆ. ಇಕ್ಕಳದಲ್ಲಿ ಬೆಸುಗೆ ಕಿತ್ತು ಮೂರು ಚಮಚ ಬಿಟ್ಟೆ. ಎರಡು ಇಳೀತು." ಆಮೇಲೆ ಸೇರಿಸಿದಳು: "ಅಡ್ಡಿಲ್ಲ ಅಕ್ಕೋರೆ. ಕೊಟ್ರಲ್ಲ."

ಆ ಹೊತ್ತಿಗೆ ಕಾಕು ಬಂದು ನನ್ನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತರು. ಶಾಲೆಗೆ ಫೋನು ಮಾಡಿಸಿದವರು ಅವರೇ. ಹೊರುವವರನ್ನು ಕರೆಸಿದವರೂ, ಹನ್ನೊಂದು ದಿನ ನನಗೆ ಅನ್ನ ತಂದಿಟ್ಟವರೂ ಅವರೇ. ಅವರ ಹೆಗಲ ಮೇಲೆ ತಲೆಯಿಟ್ಟು ನಾನೂ ಅತ್ತೆ. ಆ ಹೆಗಲ ಆಚೆ, ಗೋಡೆಗೆ ಒರಗಿ, ತನ್ನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಆಯಾ ಒಬ್ಬಳೇ ಅಳುತ್ತಿದ್ದಳು. ಆಕೆಯ ಬಳಿಗೆ ಹೋಗಬೇಕೆಂದು ನಾನು ಎರಡು ಸಲ ಏಳಲು ನೋಡಿದೆ. ಕಾಕುವಿನ ತೋಳು ಬಿಗಿಯಾಗಿತ್ತು. ಬಿಡಿಸಿಕೊಳ್ಳುವಷ್ಟು ನಾನೂ ಪ್ರಯತ್ನಿಸಲಿಲ್ಲ.

ಆಯಾಳಿಗೆ ಬೇರೆ ಮನೆಯಲ್ಲಿ ಕೆಲಸ ಸಿಕ್ಕಿತು. ಕೊನೆಯ ದಿನ ಅಮ್ಮನ ಒಂದು ಸೀರೆಯನ್ನು ಕೊಟ್ಟೆ, ಕೈಗೆ ಕೊಟ್ಟೆ. ಆಕೆ ಅದನ್ನು ಕಣ್ಣಿಗೆ ಒತ್ತಿಕೊಂಡು, "ಅಜ್ಜನ ಮನೆ ಕಥೆ ಮುಗೀಲೇ ಇಲ್ಲ" ಎಂದು ಹೇಳಿ ಮೆಟ್ಟಿಲಿಳಿದಳು.

ಮತ್ತೆ ಶಾಲೆಗೆ ಹೋದ ಮೊದಲ ಸಂಜೆ ಡ್ರಮ್ಮು ಕಂಠದವರೆಗೆ ತುಂಬಿತ್ತು.

ಐದು ತಿಂಗಳು ಒಂದು ಚೊಂಬು ನೀರನ್ನೂ ಹಾಕದಿದ್ದವರು, ಆಯಾ ಹೋದ ವಾರವೇ ಏನೂ ನಡೆಯಲಿಲ್ಲವೆಂಬಂತೆ ತುಂಬಿದ್ದರು. ಚೆಲ್ಲಿಬಿಡಲೇ ಎನ್ನಿಸಿತು. ಈ ಊರಿನಲ್ಲಿ ಡ್ರಮ್ಮು ನೀರನ್ನು ಚೆಲ್ಲಲು ಯಾರಿಗೂ ಕೈ ಬಾರದು. ಆ ನೀರಿನಲ್ಲಿಯೇ ಅನ್ನ ಮಾಡಿ ಉಂಡೆ. ಮರುದಿನ ಸ್ಟೇಷನ್ನಿನ ಬಳಿ ಒಂದು ಬೀಗ ಕೊಂಡೆ. ಡ್ರಮ್ಮಿನ ಮುಚ್ಚಳಕ್ಕೆ ಕೊಂಡಿ ಹಾಕಿಸಿ ಬೀಗ ಜಡಿದೆ. ಕಳ್ಳತನದ ಭಯಕ್ಕೆ ಚಾಳುಗಳಲ್ಲಿ ಹಾಗೆ ಬೀಗ ಹಾಕುವುದುಂಟು. ನಮ್ಮ ಗ್ಯಾಲರಿಯಲ್ಲಿ ಅದುವರೆಗೆ ಯಾರೂ ಹಾಕಿರಲಿಲ್ಲ.

ಸಂಜೆ ಕಾಕು ಬೀಗವನ್ನು ಮುಟ್ಟಿ ನೋಡಿದರು.

"ನೀರಿಗ್ಯಾಕ ಕೀಲಿ ಅಕ್ಕಾರ?"

"ಆಕೆ ಹೋದಳೆಂದು ತುಂಬುವ ನೀರು ನನಗೆ ಬೇಡ ಕಾಕು."

ಅವರು ಕಣ್ಣು ತುಂಬಿಕೊಂಡು ನನ್ನನ್ನೇ ನೋಡಿದರು. ನನ್ನ ಮಾತು ಅವರಿಗೆ ಅರ್ಥವಾಗಲಿಲ್ಲವೆಂಬುದು ನನಗೆ ಅರ್ಥವಾಯಿತು. "ಅವ್ವ ಹೋದ ದುಃಖ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಒಳಗೆ ಹೋದರು.

ಕುಡಿಯುವ ನೀರನ್ನು ಶಾಲೆಯಿಂದ ಕ್ಯಾನಿನಲ್ಲಿ ಹೊತ್ತು ತರತೊಡಗಿದೆ. ಬಳಸುವ ನೀರನ್ನು ಭಾನುವಾರ ತುಂಬಿ ವಾರವಿಡೀ ಅಳೆದು ಸುರಿದುಕೊಳ್ಳುತ್ತಿದ್ದೆ. ತಿಕ್ಕುವವರಿಲ್ಲದೆ ನಳ ತಿಂಗಳೊಳಗೆ ಮಂಕಾಗಿ, ಮತ್ತೆ ಹಸಿರು ಹಿಡಿಯಿತು. ಭಾನುವಾರ ಒಂದು ಗಂಟೆಗೆ ನಾನು ಕೊಡ ಹಿಡಿದು ಬಂದರೆ ಸರದಿಯ ಮುಂದಿರುತ್ತಿದ್ದ ಕಾಕು ತಮ್ಮ ಹಂಡೆಯನ್ನು ಎಳೆದು ನನಗೆ ಜಾಗ ಬಿಡುತ್ತಿದ್ದರು. ನಾನು ಮುಂದೆ ಹೋಗುತ್ತಿರಲಿಲ್ಲ. ಅವರೂ ಹಂಡೆಯನ್ನು ಮತ್ತೆ ನಳದ ಕೆಳಗೆ ಇಡುತ್ತಿರಲಿಲ್ಲ. ನಾವಿಬ್ಬರೂ ಬದಿಗೆ ನಿಂತಿರುತ್ತಿದ್ದೆವು. ನೀರು ನಮ್ಮ ನಡುವೆ ಮೋರಿಗೆ ಹರಿಯುತ್ತಿತ್ತು. ಹಿಂದಿನಿಂದ ಯಾರೋ, "ಅಹೋ ಬಾಯಿ, ಭರಾ ನಾ ಲವಕರ!" ಎಂದು ಬೇಗ ತುಂಬುವಂತೆ ಕೂಗುತ್ತಿದ್ದರು. ಆಗ ನಮ್ಮಿಬ್ಬರಲ್ಲಿ ಒಬ್ಬರು ಹೆಜ್ಜೆ ಮುಂದಿಡಲೇಬೇಕಾಗುತ್ತಿತ್ತು. ಹೆಚ್ಚಿನ ಭಾನುವಾರಗಳಲ್ಲಿ ಅದು ನಾನೇ.